‘ಆಗಾಗ’ ಅಂದರೆ ಎಷ್ಟು ಸಲ? ದಾವಣಗೆರೆಯ ಒಂದು ಎಡಿಎಚ್‌ಡಿ ಪ್ರಕರಣ

ಎಂಟು ವರ್ಷದ ಹುಡುಗ, ಮೂರನೇ ತರಗತಿ. ಜುಲೈ ಎರಡನೇ ವಾರದ ಒಂದು ಸಂಜೆ, ಸಣ್ಣಗೆ ಮಳೆ ಹನಿಯುತ್ತಿದ್ದಾಗ ಅಮ್ಮನ ಜೊತೆ ಬಂದ. ಅಮ್ಮನ ಕೈಯಲ್ಲಿ ಶಾಲೆಯ ಡೈರಿ ಇತ್ತು. ಅದರಲ್ಲಿ ಕೆಂಪು ಶಾಯಿಯಲ್ಲಿ ಎರಡೇ ಸಾಲು. ಹುಡುಗ ಕ್ಲಾಸಿನಲ್ಲಿ ಒಂದು ಕಡೆ ಕೂರುವುದಿಲ್ಲ, ಡಾಕ್ಟರಿಗೆ ತೋರಿಸಿ. ಇಲ್ಲದಿದ್ದರೆ ಬೇರೆ ಶಾಲೆ ನೋಡಿಕೊಳ್ಳಿ.

ನಾನು ದಾವಣಗೆರೆಯಲ್ಲಿ ಮಕ್ಕಳ ಮನಃಶಾಸ್ತ್ರಜ್ಞೆ. ಇಂಥ ಡೈರಿಗಳು ನನಗೆ ಹೊಸವಲ್ಲ. ಆದರೂ ಈ ಪ್ರಕರಣವನ್ನು ಪೂರ್ತಿ ಬರೆದಿಡಬೇಕು ಅನಿಸಿತು. ಯಾಕೆಂದರೆ ಈ ಹುಡುಗನ ವಿಷಯದಲ್ಲಿ ನಾನು ತಪ್ಪು ತೀರ್ಮಾನದ ಹೊಸ್ತಿಲವರೆಗೂ ಹೋಗಿ ವಾಪಸ್ ಬಂದೆ. ಅಲ್ಲಿಗೆ ಕರೆದುಕೊಂಡು ಹೋಗಿದ್ದು ಒಂದೇ ಒಂದು ಕನ್ನಡ ಪದ. ತಂದೆ-ತಾಯಿ ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಮನೆಯ ಹಿನ್ನೆಲೆ

ಅಪ್ಪ ಮಂಡಕ್ಕಿ ಭಟ್ಟಿಯಲ್ಲಿ ಹುರಿಯುವ ಕೆಲಸ ಮಾಡುತ್ತಾರೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಹೋದರೆ ಮಧ್ಯಾಹ್ನ ವಾಪಸ್. ದಾವಣಗೆರೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಂಜೆ ಮಿರ್ಚಿ ಜೊತೆ ನಾವು ತಿನ್ನುವ ಮಂಡಕ್ಕಿಯ ಹಿಂದೆ ಇಂಥ ಎಷ್ಟೋ ಮನೆಗಳ ನಿದ್ದೆ ಇದೆ. ಅಮ್ಮ ಮನೆಯಲ್ಲೇ ಮಂಡಕ್ಕಿ ಚೀಲ ತುಂಬಿ ಹೊಲಿಯುತ್ತಾರೆ. ಏಳನೇ ತರಗತಿವರೆಗೆ ಓದಿದ್ದಾರೆ. ಮನೆಮಾತು ಕನ್ನಡ. ಮಗನನ್ನು ಕಷ್ಟಪಟ್ಟು ಫೀಸು ಕಟ್ಟಿ ಇಂಗ್ಲಿಷ್ ಮೀಡಿಯಂ ಶಾಲೆಗೆ ಹಾಕಿದ್ದಾರೆ. ಮನೆಯಲ್ಲಿ ಅಜ್ಜ ಮತ್ತು ಐದು ವರ್ಷದ ತಂಗಿ ಇದ್ದಾರೆ.

ಹೆರಿಗೆ ಸಾಮಾನ್ಯವಾಗಿಯೇ ಆಗಿತ್ತು. ನಡಿಗೆ, ಮಾತು ಎಲ್ಲ ಸರಿಯಾದ ಹೊತ್ತಿಗೆ ಬಂದಿತ್ತು. ಫಿಟ್ಸ್ ಇಲ್ಲ, ತಲೆಗೆ ಪೆಟ್ಟು ಬಿದ್ದಿಲ್ಲ. ಅಂಗನವಾಡಿಯಲ್ಲಿದ್ದಾಗಲೇ ‘ಇವನನ್ನು ಹಿಡಿಯೋಕೆ ಒಬ್ಬರು ಬೇಕು’ ಅಂತ ಟೀಚರಮ್ಮ ಹೇಳುತ್ತಿದ್ದರಂತೆ. ಈ ಮಾತನ್ನು ನೋಟ್‌ಬುಕ್ಕಿನಲ್ಲಿ ಗುರುತು ಮಾಡಿಕೊಂಡೆ. ಎಡಿಎಚ್‌ಡಿ ಅಂದರೆ ಗಮನ ನಿಲ್ಲದಿರುವುದು, ಚಡಪಡಿಕೆ, ದುಡುಕು ವಯಸ್ಸಿಗೆ ಮೀರಿ ಇರುವ ತೊಂದರೆ. ಹಾಗೆ ಅನ್ನಬೇಕಾದರೆ ಲಕ್ಷಣಗಳು ಹನ್ನೆರಡು ವರ್ಷಕ್ಕೆ ಮೊದಲೇ ಕಾಣಿಸಿರಬೇಕು. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ, 2013ರಲ್ಲಿ ಬಂದ ಡಿಎಸ್‌ಎಂ-5ರ ನಿಯಮ ಇದು. ಅದಕ್ಕೆ ಮೊದಲು ಏಳು ವರ್ಷ ಅಂತಿತ್ತು. ಈ ಹುಡುಗನದ್ದು ಎರಡೂ ಲೆಕ್ಕಕ್ಕೆ ಸರಿಹೋಗುತ್ತಿತ್ತು.

ಆ ಸಂಜೆ ಕೋಣೆಯಲ್ಲಿ ಅವನು ಹೇಗಿದ್ದ ಅಂದರೆ, ಮೊದಲ ಹತ್ತು ನಿಮಿಷ ಅಮ್ಮನ ಸೆರಗು ಹಿಡಿದು ಸುಮ್ನೆ ನಿಂತಿದ್ದ. ಆಮೇಲೆ ತೂಕದ ಯಂತ್ರ ಹತ್ತಿದ, ಇಳಿದ, ಮತ್ತೆ ಹತ್ತಿದ. ಕಿಟಕಿಯಿಂದ ಹೊರಗೆ ಆಟೋ ಎಣಿಸಿದ. ನಾನು ಕೊಟ್ಟ ಚಿತ್ರಕ್ಕೆ ಅರ್ಧ ಬಣ್ಣ ತುಂಬಿ ಎದ್ದ. ಹೊಸ ಜಾಗ, ಹೊಸ ಮನುಷ್ಯರು ಎದುರಿಗಿದ್ದಾಗ ಎಡಿಎಚ್‌ಡಿ ಇರುವ ಮಗು ಕೆಲವು ಹೊತ್ತು ಬಹಳ ಸಭ್ಯವಾಗಿ ಇರಬಲ್ಲದು. ಹಾಗಾಗಿ ನನ್ನ ಕೋಣೆಯಲ್ಲಿ ನೋಡಿದ್ದನ್ನು ನಾನು ಜಾಸ್ತಿ ನಂಬುವುದಿಲ್ಲ. ಮನೆಯವರು, ಶಾಲೆಯವರು ಏನು ಹೇಳುತ್ತಾರೆ ಅನ್ನುವುದೇ ಮುಖ್ಯ. ಅದನ್ನು ಕ್ರಮವಾಗಿ ಕೇಳಿ ತಿಳಿದುಕೊಳ್ಳುವುದಕ್ಕೇ ರೇಟಿಂಗ್ ಸ್ಕೇಲ್‌ಗಳು ಇರುವುದು.

ಸ್ಕೇಲ್ ಮತ್ತು ಮೊದಲ ಲೆಕ್ಕ

ಗಮನ ಮತ್ತು ನಡವಳಿಕೆ ಅಳೆಯುವ ಸ್ಕೇಲ್‌ಗಳು ಹಲವು ಇವೆ. ಅಮೆರಿಕದ ಮನಃಶಾಸ್ತ್ರಜ್ಞ ಕೀತ್ ಕಾನರ್ಸ್ 1969ರಲ್ಲಿ ಶಿಕ್ಷಕರಿಗಾಗಿ ಒಂದು ಸ್ಕೇಲ್ ಪ್ರಕಟಿಸಿದರು. ಅದರ ಮುಂದಿನ ರೂಪಗಳು ಇವತ್ತಿಗೂ ಬಳಕೆಯಲ್ಲಿವೆ, ಆದರೆ ದುಡ್ಡು ಕೊಟ್ಟು ಕೊಳ್ಳಬೇಕು. ನಾನು ಹೆಚ್ಚಾಗಿ ಬಳಸುವುದು ವ್ಯಾಂಡರ್‌ಬಿಲ್ಟ್. ಅದು ಉಚಿತ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಮಾಡಿದ್ದು. ಪೋಷಕರ ಫಾರ್ಮ್‌ನಲ್ಲಿ 55 ಪ್ರಶ್ನೆ, ಶಿಕ್ಷಕರದ್ದರಲ್ಲಿ 43. ಎರಡರಲ್ಲೂ ಮೊದಲ ಒಂಬತ್ತು ಪ್ರಶ್ನೆ ಗಮನದ ಬಗ್ಗೆ, ಮುಂದಿನ ಒಂಬತ್ತು ಚಡಪಡಿಕೆ ಮತ್ತು ದುಡುಕಿನ ಬಗ್ಗೆ. ಆಮೇಲೆ ಎದುರು ಮಾತು, ಜಗಳ, ಭಯ-ದುಗುಡ, ಓದು-ಬರಹ, ಗೆಳೆಯರ ಜೊತೆ ಹೊಂದಿಕೆ ಹೀಗೆ ಬರುತ್ತವೆ.

ಲಕ್ಷಣದ ಪ್ರತಿ ಪ್ರಶ್ನೆಗೂ ನಾಲ್ಕು ಉತ್ತರ. ಸೊನ್ನೆ ಅಂದರೆ ಇಲ್ಲವೇ ಇಲ್ಲ. ಒಂದು ಅಂದರೆ ಅಪರೂಪಕ್ಕೆ. ಎರಡು ಅಂದರೆ ಮೇಲಿಂದ ಮೇಲೆ. ಮೂರು ಅಂದರೆ ತೀರಾ ಜಾಸ್ತಿ. ಲೆಕ್ಕಕ್ಕೆ ಬರುವುದು ಎರಡು ಮತ್ತು ಮೂರು ಮಾತ್ರ. ಒಂಬತ್ತರಲ್ಲಿ ಆರು ಪ್ರಶ್ನೆಗೆ ಎರಡು ಅಥವಾ ಮೂರು ಬಂದು, ಜೊತೆಗೆ ಓದಿನಲ್ಲೋ ಹೊಂದಿಕೆಯಲ್ಲೋ ತೊಂದರೆ ಕಂಡರೆ ಗೆರೆ ದಾಟಿದ ಹಾಗೆ. ಅಂದರೆ ಇಡೀ ಸ್ಕೇಲ್ ನಿಂತಿರುವುದು ಒಂದು ಮತ್ತು ಎರಡರ ನಡುವಿನ ಗೆರೆಯ ಮೇಲೆ. ದಯವಿಟ್ಟು ಇದನ್ನು ನೆನಪಿಟ್ಟುಕೊಳ್ಳಿ, ಈ ಪ್ರಕರಣ ಪೂರ್ತಿ ಅದೇ ಗೆರೆಯ ಮೇಲೆ ನಡೆದಿದೆ.

ಪೋಷಕರ ಫಾರ್ಮನ್ನು ಕೆಲವು ವರ್ಷದ ಹಿಂದೆ ನಾನೇ ಕನ್ನಡಕ್ಕೆ ತಂದುಕೊಂಡಿದ್ದೆ. ಕ್ಲಿನಿಕ್ಕಿನ ಮಟ್ಟಿಗೆ ಸಾಕು ಅಂತ ಮಾಡಿಕೊಂಡದ್ದು. ಅದನ್ನು ಮಕ್ಕಳ ಗುಂಪಿನ ಮೇಲೆ ಬಳಸಿ, ಸರಿಯಾಗಿ ಅಳೆಯುತ್ತದೆಯೇ ಅಂತ ಯಾರೂ ಪರೀಕ್ಷಿಸಿರಲಿಲ್ಲ. ನಾಲ್ಕು ಕಾಲಂಗೆ ನಾನು ಕೊಟ್ಟ ತಲೆಬರಹ: ಎಂದೂ ಇಲ್ಲ, ಆಗಾಗ, ಹೆಚ್ಚಾಗಿ, ಬಹಳ ಹೆಚ್ಚಾಗಿ.

ನಮ್ಮ ಸಹಾಯಕಿ ಪ್ರಶ್ನೆ ಓದಿ ಹೇಳಿದಳು. ಅಮ್ಮ ಉತ್ತರ ಕೊಟ್ಟರು. ಅವಳು ಟಿಕ್ ಹಾಕಿದಳು. ಹನ್ನೆರಡು ನಿಮಿಷದಲ್ಲಿ 55 ಪ್ರಶ್ನೆ ಮುಗಿಯಿತು. ಗಮನದ ಒಂಬತ್ತರಲ್ಲಿ ಗೆರೆ ದಾಟಿದ್ದು ಎರಡೇ. ಚಡಪಡಿಕೆಯ ಒಂಬತ್ತರಲ್ಲಿ ಮೂರು. ಎರಡೂ ಆರರ ಹತ್ತಿರಕ್ಕೂ ಬರಲಿಲ್ಲ.

ನಾಲ್ಕು ದಿನದ ಮೇಲೆ ಕ್ಲಾಸ್ ಟೀಚರ್ ತುಂಬಿದ ಫಾರ್ಮ್ ಬಂತು. ಗಮನ ಒಂಬತ್ತಕ್ಕೆ ಒಂಬತ್ತು. ಚಡಪಡಿಕೆ ಒಂಬತ್ತಕ್ಕೆ ಒಂಬತ್ತು. ಎದುರು ಮಾತು, ಜಗಳದ ಹತ್ತು ಪ್ರಶ್ನೆಗೂ ಮೂರೇ. ಒಟ್ಟು ಇಪ್ಪತ್ತೆಂಟು ಟಿಕ್, ಅಡಿಪಟ್ಟಿ ಇಟ್ಟು ಎಳೆದ ಹಾಗೆ ಮೇಲಿಂದ ಕೆಳಗೆ ಒಂದೇ ನೇರ ಸಾಲು.

ಎಡಿಎಚ್‌ಡಿ ಅಂತ ಹೇಳಲು ತೊಂದರೆ ಕನಿಷ್ಠ ಎರಡು ಕಡೆ ಕಾಣಬೇಕು. ಮನೆಯಲ್ಲೂ, ಶಾಲೆಯಲ್ಲೂ. ಕನಿಷ್ಠ ಆರು ತಿಂಗಳಾದರೂ ಇರಬೇಕು. ಇಲ್ಲಿ ಶಾಲೆ ಹೌದು ಅನ್ನುತ್ತಿದೆ, ಮನೆ ಇಲ್ಲ ಅನ್ನುತ್ತಿದೆ. ನನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ ಸಾಲು ಈಗಲೂ ಇದೆ: ‘ತೊಂದರೆ ಶಾಲೆಗೆ ಸೀಮಿತ. ಭಾಷೆಯ ಕಷ್ಟ ಇರಬಹುದು. ಎಡಿಎಚ್‌ಡಿ ಅಲ್ಲ ಅನಿಸುತ್ತದೆ.’ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. ಅರ್ಥವಾಗದ ಪಾಠದ ಮುಂದೆ ಯಾವ ಹುಡುಗ ತಾನೇ ಕೂರುತ್ತಾನೆ, ಅಲ್ವಾ? ಕಾರಣ ಚೆನ್ನಾಗಿ ಹೊಂದುತ್ತಿತ್ತು. ಅದಕ್ಕೇ ನನಗೆ ಅದು ಬೇಗ ಒಪ್ಪಿಗೆಯಾಯಿತು.

ಸೊನ್ನೆ ಇಲ್ಲದ ಫಾರ್ಮ್

ವರದಿ ಬರೆಯಲು ಕೂತಾಗ ಅಮ್ಮನ ಫಾರ್ಮನ್ನು ಮತ್ತೊಮ್ಮೆ ಮುಂದೆ ಇಟ್ಟುಕೊಂಡೆ. ಮೊದಲ ಸಲ ಎರಡು ಮತ್ತು ಮೂರನ್ನು ಎಣಿಸಿದ್ದೆ, ಅಷ್ಟೇ. ಈ ಸಲ ಇಡೀ ಹಾಳೆಯನ್ನು ನೋಡಿದೆ. ಮೊದಲ ಹದಿನೆಂಟು ಪ್ರಶ್ನೆಯಲ್ಲಿ ಐದು ಗೆರೆ ದಾಟಿದ್ದವು. ಉಳಿದ ಹದಿಮೂರೂ ‘ಆಗಾಗ’. ಸೊನ್ನೆ ಒಂದೂ ಇರಲಿಲ್ಲ.

ಇದು ಮನಸ್ಸಿಗೆ ಚುಚ್ಚಿತು. ಮನೆಯಲ್ಲಿ ತೊಂದರೆ ಇಲ್ಲದ ಮಗುವಿನ ಅಮ್ಮ ಎಷ್ಟೋ ಪ್ರಶ್ನೆಗೆ ‘ಛೇ, ಹಂಗೇನಿಲ್ಲ ಬಿಡ್ರಿ’ ಅಂತಾರೆ. ಹದಿನೆಂಟರಲ್ಲಿ ಒಂದಕ್ಕೂ ‘ಇಲ್ಲ’ ಅನ್ನದ ಅಮ್ಮ ಏನೋ ಹೇಳುತ್ತಿದ್ದಾರೆ. ನನ್ನ ಫಾರ್ಮ್‌ಗೆ ಅದು ಕೇಳಿಸಿಲ್ಲ.

ಮಾರನೇ ವಾರ ಅಮ್ಮನನ್ನು ಒಬ್ಬರನ್ನೇ ಕರೆಸಿದೆ. ಈ ಸಲ ಫಾರ್ಮ್ ಕೈಯಲ್ಲಿ ಹಿಡಿಯಲಿಲ್ಲ. ನಿನ್ನೆ ಬೆಳಗಿನಿಂದ ರಾತ್ರಿವರೆಗೆ ಏನೇನಾಯಿತು ಹೇಳಿ ಅಂದೆ. ಹೇಳುತ್ತಾ ಹೇಳುತ್ತಾ ಮಂಡಕ್ಕಿ ಚೀಲದ ವಿಷಯ ಬಂತು.

‘ಚೀಲದ ಬಾಯಿ ಹಿಡ್ಕಳಪ್ಪ ಅಂತೀನ್ರಿ. ನಾನು ತುಂಬ್ತಿರ್ತೀನಿ. ಅರ್ಧಕ್ಕೇ ಬಿಟ್ಟು ಓಡಿರ್ತಾನೆ. ಮಂಡಕ್ಕಿ ಎಲ್ಲ ನೆಲಕ್ಕೆ.’

‘ಹೀಗೆ ಎಷ್ಟು ಸಲ ಆಗುತ್ತೆ?’

‘ಆಗಾಗ ಆಕ್ಕತ್ರಿ.’

‘ಆಗಾಗ ಅಂದ್ರೆ? ವಾರಕ್ಕೆ ಒಂದು ಸಲವಾ, ದಿನಾನಾ?’

ಅವರು ನನ್ನನ್ನು ಅಚ್ಚರಿಯಿಂದ ನೋಡಿದರು. ಇಷ್ಟೂ ಗೊತ್ತಾಗುವುದಿಲ್ಲವಾ ಅನ್ನುವ ಹಾಗೆ. ‘ಹಿಡಿಸಿದಾಗೆಲ್ಲ ಮೇಡಂ. ದಿನಾ ನಾಕೈದು ಚೀಲ. ನಾಕೈದು ಸಲಾನೂ ಹಂಗೇ.’

ನಾನು ಪೆನ್ ಕೆಳಗಿಟ್ಟೆ. ಅವರ ಮಾತಿನಲ್ಲಿ ‘ಆಗಾಗ’ ಅಂದರೆ ಮೇಲಿಂದ ಮೇಲೆ, ಬಿಟ್ಟು ಬಿಟ್ಟು, ದಿನವಿಡೀ. ನನ್ನ ಕಾಲಂನಲ್ಲಿ ‘ಆಗಾಗ’ ಅಂದರೆ ಅಪರೂಪಕ್ಕೆ ಯಾವಾಗಲೋ ಒಮ್ಮೆ. ಎರಡೂ ಕನ್ನಡವೇ, ಎರಡೂ ಸರಿಯೇ. ‘ಆಗಾಗ ಬರ್ತಿರು’ ಅಂತ ನೆಂಟರಿಗೆ ಹೇಳುವಾಗ ನಾವು ಯಾವ ಲೆಕ್ಕ ಇಟ್ಟಿರುತ್ತೇವೆ ಹೇಳಿ? ವರ್ಷಕ್ಕೆ ಎರಡು ಸಲವೂ ಆಗಾಗವೇ. ‘ಮಗು ಆಗಾಗ ಅಳ್ತಿದೆ’ ಅಂದರೆ ಗಂಟೆಗೆ ಎರಡು ಸಲವೂ ಆಗಾಗವೇ. ಮಾತಿನಲ್ಲಿ ಈ ಸಡಿಲ ತೊಂದರೆ ಕೊಡುವುದಿಲ್ಲ, ಸಂದರ್ಭ ತುಂಬಿಕೊಡುತ್ತದೆ. ಸ್ಕೇಲಿನಲ್ಲಿ ಮಾತ್ರ ಆ ಪದ ಸರಿಯಾಗಿ ಒಂದು ಮತ್ತು ಎರಡರ ನಡುವಿನ ಗೆರೆಯ ಮೇಲೆಯೇ ಕೂತಿತ್ತು. ಕೂರಿಸಿದವಳು ನಾನು.

ಆಮೇಲೆ ಹದಿನೆಂಟು ಪ್ರಶ್ನೆಯನ್ನೂ ಹೀಗೇ ಕೇಳಿದೆ. ‘ಎಷ್ಟು’ ಅನ್ನುವುದಕ್ಕೆ ಪದ ಕೊಡಲಿಲ್ಲ. ಕಳೆದ ವಾರದಲ್ಲಿ ಯಾವಾಗ, ದಿನಕ್ಕೆ ಎಷ್ಟು ಸಲ, ಅವನ ವಯಸ್ಸಿನ ಪಕ್ಕದ ಮನೆ ಹುಡುಗನಿಗೆ ಹೋಲಿಸಿದರೆ ಹೇಗೆ, ಅಂತ ಕೇಳಿದೆ. ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ಗಮನದಲ್ಲಿ ಏಳು, ಚಡಪಡಿಕೆಯಲ್ಲಿ ಆರು ಗೆರೆ ದಾಟಿದವು. ಇನ್ನೊಂದು ವಿಷಯವನ್ನೂ ಹೇಳಲೇಬೇಕು. ಈ ಸಲ ಸೊನ್ನೆಗಳೂ ಬಂದವು. ವಸ್ತು ಕಳೆದುಕೊಳ್ಳುತ್ತಾನಾ ಅಂದರೆ, ‘ಇಲ್ರಿ, ಪೆನ್ಸಿಲ್ ಡಬ್ಬಿ ಭಾಳ ಜ್ವಾಪಾನ’ ಅಂದರು. ಮೊದಲ ಸಲ ಅದೂ ‘ಆಗಾಗ’ವೇ ಆಗಿತ್ತು. ಅಂದರೆ ಆ ಪದ ಬರೀ ತೊಂದರೆಯನ್ನು ಮುಚ್ಚಿರಲಿಲ್ಲ. ಹುಡುಗ ಚೆನ್ನಾಗಿ ಮಾಡುವುದನ್ನೂ ಮುಚ್ಚಿತ್ತು.

ಇನ್ನೂ ಎರಡು ಪ್ರಶ್ನೆ ನನ್ನ ಅನುವಾದದಲ್ಲಿ ಕೆಟ್ಟಿದ್ದವು. ಮೂಲದಲ್ಲಿ ಮೋಟರ್ ಓಡಿಸಿದ ಹಾಗೆ ಸದಾ ಓಡಾಡುತ್ತಾನೆ ಅಂತ ಇದೆ. ನಾನು ‘ಕಾಲಿಗೆ ಚಕ್ರ ಕಟ್ಟಿಕೊಂಡವನಂತೆ’ ಅಂತ ಮಾಡಿದ್ದೆ. ಕನ್ನಡ ಸೊಗಸಾಗಿದೆ, ಆದರೆ ನಾವು ಆ ಮಾತನ್ನು ಚುರುಕಾದ ಯಾವ ಮಗುವಿಗೂ ಪ್ರೀತಿಯಿಂದ ಹೇಳುತ್ತೇವೆ. ಅದಕ್ಕೆ ಹೌದು ಅನ್ನದ ಅಮ್ಮ ಸಿಗುವುದು ಕಷ್ಟ. ಇನ್ನೊಂದು, ಕೂರಬೇಕಾದಾಗ ಜಾಗ ಬಿಟ್ಟು ಏಳುವುದು. ಶಾಲೆಯಲ್ಲಿ ಬೆಂಚು ಇದೆ, ಸರಿ. ಒಂದು ಕೋಣೆಯ ಮನೆಯಲ್ಲಿ ಮಗುವಿಗೆ ‘ಜಾಗ’ ಅಂತ ಯಾವುದು? ‘ಊಟದ ತಟ್ಟೆ ಮುಂದೆ ಕೂತರೆ ಮುಗಿಯೋವರೆಗೆ ಕೂರ್ತಾನಾ’ ಅಂತ ಕೇಳಿದಾಗ ತಕ್ಷಣ ಉತ್ತರ ಬಂತು. ತಟ್ಟೆ ಹಿಡಿದುಕೊಂಡೇ ಬೀದಿಗೆ ಹೋಗುತ್ತಾನೆ.

ಓದು, ಹೊಂದಿಕೆಯ ಪ್ರಶ್ನೆಗಳಲ್ಲೂ ಒಂದು ಬಲೆ ಇದೆ. ಅಲ್ಲಿ ಒಂದು ಅಂದರೆ ಅತಿ ಉತ್ತಮ, ಐದು ಅಂದರೆ ತೊಂದರೆ. ನಮ್ಮ ತಲೆಯಲ್ಲಿ ಐದಕ್ಕೆ ಐದು ಅಂದರೆ ಚೆಂದ. ‘ಗೆಳೆಯರ ಜೊತೆ ಹೇಗೆ’ ಅನ್ನುವುದಕ್ಕೆ ಅಮ್ಮ ಮೊದಲ ಸಲ ಖುಷಿಯಿಂದ ಐದು ಕೊಟ್ಟಿದ್ದರು. ಬೀದಿಯ ಹುಡುಗರೆಲ್ಲ ಇವನ ದೋಸ್ತಿಗಳು.

ಭಾರತದಲ್ಲೇ ಮಾಡಿದ ಒಂದು ಸಾಧನವೂ ಇದೆ. ಇನ್‌ಕ್ಲೆನ್ ಸಂಸ್ಥೆಯ ಐಎನ್‌ಡಿಟಿ-ಎಡಿಎಚ್‌ಡಿ. ಆರರಿಂದ ಒಂಬತ್ತು ವರ್ಷದ ಮಕ್ಕಳಿಗೆ ಮಾಡಿದ್ದು. ಅದನ್ನು ಪರೀಕ್ಷಿಸಿದ ಅಧ್ಯಯನ 2014ರಲ್ಲಿ ಪ್ರಕಟವಾಗಿದೆ. ಫಾರ್ಮ್ ಕೊಟ್ಟು ಕಳಿಸುವ ಬದಲು ತರಬೇತಿ ಇರುವವರು ಪೋಷಕರ ಎದುರು ಕೂತು ಕೇಳುವ ಕ್ರಮ ಅದು. ಓದು-ಬರಹ ಕಡಿಮೆ ಇರುವ ಮನೆಗಳಿಗೆ ಇದೇ ಸರಿಯಾದ ದಾರಿ ಅನ್ನುವುದು ಈಗ ನನ್ನ ಗಟ್ಟಿ ಅಭಿಪ್ರಾಯ. ಹುಡುಗನಿಗೆ ಎಂಟು ವರ್ಷ. ಮೊದಲ ದಿನವೇ ಅದನ್ನು ಬಳಸಬೇಕಿತ್ತು. ಎರಡನೇ ಸುತ್ತಿನಲ್ಲಿ ಬಳಸಿದೆ, ಅದೂ ಎಡಿಎಚ್‌ಡಿ ಕಡೆಗೇ ತೋರಿಸಿತು.

ನೇರ ಸಾಲಿನ ಫಾರ್ಮ್

ಅಮ್ಮನ ಫಾರ್ಮ್ ತಪ್ಪಾಗಿತ್ತು ಅಂದಮೇಲೆ ಟೀಚರ್ ಫಾರ್ಮ್ ಸರಿ ಅಂತ ಆಗುವುದಿಲ್ಲ. ಇಪ್ಪತ್ತೆಂಟು ಮೂರುಗಳ ನೇರ ಸಾಲನ್ನು ನಾನು ನಂಬಲಿಲ್ಲ. ಆ ಹತ್ತು ಪ್ರಶ್ನೆಗಳಲ್ಲಿ ಬೆಲೆಬಾಳುವ ವಸ್ತು ಕದಿಯುತ್ತಾನೆ ಅನ್ನುವುದೂ ಇದೆ. ಬೇರೆಯವರನ್ನು ಹಿಂಸಿಸುತ್ತಾನೆ ಅನ್ನುವುದೂ ಇದೆ. ಅಮ್ಮನ ಒಪ್ಪಿಗೆ ಪಡೆದು ಟೀಚರಿಗೆ ಫೋನ್ ಮಾಡಿದೆ. ಏನು ಕದ್ದ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಕದ್ದಿಲ್ಲ ಮೇಡಂ. ಆದ್ರೆ ಅವನ ಕಾಟ ನನಗೆ ಎಷ್ಟಾಗಿದೆ ಅಂತ ನಿಮಗೆ ಗೊತ್ತಾಗಬೇಕಲ್ಲ’ ಅಂದರು.

ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಕ್ಲಾಸಿನಲ್ಲಿ ನಲವತ್ತಾರು ಮಕ್ಕಳು. ಫಾರ್ಮಿನ ಮೇಲ್ಗಡೆ, ಈ ಮಗುವನ್ನು ಎಷ್ಟು ಕಾಲದಿಂದ ನೋಡುತ್ತಿದ್ದೀರಿ ಅನ್ನುವ ಜಾಗದಲ್ಲಿ ಐದು ವಾರ ಅಂತ ಬರೆದಿದ್ದರು. ಶಾಲೆ ಶುರುವಾಗಿ ಅಷ್ಟೇ ಆಗಿತ್ತು. ಎದುರು ಮಾತಾಡುವ, ಪಾಠ ಕೆಡಿಸುವ ಮಗುವಿಗೆ ಶಿಕ್ಷಕರು ಗಮನದ ಪ್ರಶ್ನೆಗಳಲ್ಲೂ ಜಾಸ್ತಿ ಅಂಕ ಕೊಡುತ್ತಾರೆ ಅನ್ನುವುದು ಈ ಕ್ಷೇತ್ರದಲ್ಲಿ ಚೆನ್ನಾಗಿ ಗೊತ್ತಿರುವ ಸಂಗತಿ. ಒಂದು ಬಣ್ಣ ಇಡೀ ಬಟ್ಟೆಗೆ ಹತ್ತುತ್ತದೆ.

ಅದೇ ಶಾಲೆಯ ಕನ್ನಡ ಟೀಚರ್ ಇವನನ್ನು ಎರಡು ವರ್ಷದಿಂದ ನೋಡಿದ್ದರು. ಅವರಿಗೂ ಫಾರ್ಮ್ ಕೊಟ್ಟೆ. ಗಮನ ಏಳು. ಚಡಪಡಿಕೆ ನಾಲ್ಕು. ಎದುರು ಮಾತು, ಜಗಳ ಹತ್ತರಲ್ಲಿ ಒಂದು. ಅಲ್ಲಿ ಮೂರು ಪ್ರಶ್ನೆಯಾದರೂ ಗೆರೆ ದಾಟಬೇಕು, ಹಾಗಾಗಿ ಅದು ಲೆಕ್ಕಕ್ಕಿಲ್ಲ. ಬರವಣಿಗೆಗೆ ನಾಲ್ಕು, ಅಂದರೆ ತೊಂದರೆ. ಮುಖ್ಯವಾದ ಮಾತು ಏನೆಂದರೆ, ಇದು ಕನ್ನಡದ ಪೀರಿಯಡ್. ಇವನ ಮನೆಮಾತಿನ ಪಾಠ. ಅರ್ಥವಾಗದೆ ಚಡಪಡಿಸುತ್ತಾನೆ ಅನ್ನುವ ನನ್ನ ಮೊದಲ ಊಹೆ ಇಲ್ಲಿ ಬಿದ್ದುಹೋಯಿತು.

ಮೂವರು ತುಂಬಿದ ಫಾರ್ಮ್‌ಗಳು ಮೂರು ತರಹ ಇದ್ದದ್ದನ್ನು ಕಂಡು ಅಪ್ಪ ಕೇಳಿದರು, ‘ಹಂಗಾದ್ರೆ ಯಾರು ಸುಳ್ಳು ಹೇಳ್ತಿದಾರ್ರಿ?’ ಯಾರೂ ಅಲ್ಲ. 1987ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ಥಾಮಸ್ ಅಕೆನ್‌ಬಾಕ್ ಮತ್ತು ಜೊತೆಗಾರರು 119 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ್ದರು. ತಂದೆ ಮತ್ತು ತಾಯಿಯ ಹಾಗೆ ಒಂದೇ ಜಾಗದಲ್ಲಿ ಮಗುವನ್ನು ನೋಡುವವರ ಉತ್ತರಗಳ ಹೊಂದಾಣಿಕೆ ಸರಾಸರಿ 0.60. ಪೋಷಕರು ಮತ್ತು ಶಿಕ್ಷಕರ ಹಾಗೆ ಬೇರೆ ಜಾಗದಲ್ಲಿ ನೋಡುವವರದ್ದು 0.28. ಪೂರ್ತಿ ಹೊಂದಿದರೆ 1 ಆಗಬೇಕು. ಅಂದರೆ ಮನೆ ಮತ್ತು ಶಾಲೆಯ ಫಾರ್ಮ್ ಹೊಂದದಿರುವುದೇ ಮಾಮೂಲು. ಮಗು ಎರಡು ಕಡೆ ಎರಡು ತರಹ ಇರುತ್ತದೆ, ನೋಡುವ ಕಣ್ಣುಗಳೂ ಬೇರೆ. ಅದಕ್ಕೇ ಫಾರ್ಮ್ ಒಂದೇ ಸಾಲದು. ಹೋಗಿ ನೋಡಬೇಕು.

ಆಗಸ್ಟ್ ಮೊದಲ ವಾರ ಶಾಲೆಗೆ ಹೋಗಿ ಗಣಿತದ ಪೀರಿಯಡ್‌ನಲ್ಲಿ ಹಿಂದಿನ ಬೆಂಚಿನಲ್ಲಿ ಕೂತೆ. ಯಾರನ್ನು ನೋಡಲು ಬಂದಿದ್ದೇನೆ ಅಂತ ಮಕ್ಕಳಿಗೆ ಹೇಳಿರಲಿಲ್ಲ. ನಲವತ್ತು ನಿಮಿಷ, ನಿಮಿಷಕ್ಕೊಮ್ಮೆ ತಲೆ ಎತ್ತಿ ಎರಡು ಗುರುತು ಹಾಕುವುದು. ಇವನು ಕೆಲಸದಲ್ಲಿ ಇದ್ದಾನಾ, ಅವನ ಪಕ್ಕದ ಹುಡುಗ ಇದ್ದಾನಾ. ಪಕ್ಕದವನು ನಲವತ್ತರಲ್ಲಿ ಮೂವತ್ತೊಂದು ಸಲ ಇದ್ದ. ಇವನು ಹದಿನೇಳು ಸಲ. ಎದ್ದು ಓಡಾಡಿದ್ದು ಐದು ಸಲ. ಉಳಿದ ಹೊತ್ತು ಕೂತೇ ಇದ್ದ, ಆದರೆ ಬೋರ್ಡ್ ಮೇಲಿನ ಲೆಕ್ಕದಲ್ಲಿ ಮೂರನೇ ಸಾಲು ಬರೆಯುವ ಹೊತ್ತಿಗೆ ಅವನ ಪೆನ್ಸಿಲ್ ರಬ್ಬರಿನಲ್ಲಿ ತೂತು ಕೊರೆಯುತ್ತಿತ್ತು. ಮತ್ತೆ ಬೋರ್ಡ್ ನೋಡುವಷ್ಟರಲ್ಲಿ ಲೆಕ್ಕ ಅಳಿಸಿ ಆಗಿತ್ತು. ಆಗ ಅವನು ಪಕ್ಕದವನ ಪುಸ್ತಕ ಎಳೆದ. ಟೀಚರಿಗೆ ಕಂಡಿದ್ದು ಆ ಎಳೆದದ್ದು ಮಾತ್ರ.

ಉಳಿದ ಪರೀಕ್ಷೆಗಳನ್ನು ಚುಟುಕಾಗಿ ಹೇಳುತ್ತೇನೆ. ಇವು ಬಿಡುವ ಹಾಗಿಲ್ಲ, ಯಾಕೆಂದರೆ ಎಡಿಎಚ್‌ಡಿಯ ಹಾಗೆ ಕಾಣುವ ಬೇರೆ ತೊಂದರೆಗಳು ಹಲವು. ಕಿವಿ, ಕಣ್ಣು ಸರಿ ಇದ್ದವು. ಕ್ಷಣಕಾಲ ದಿಟ್ಟಿಸಿ ನಿಂತುಬಿಡುವ ಅಬ್ಸೆನ್ಸ್ ಫಿಟ್ಸ್ ಇರಬಹುದಾ ಅಂತ ಮಕ್ಕಳ ವೈದ್ಯರು ವಿಚಾರಿಸಿದರು, ಇಲ್ಲ. ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆ ಇತ್ತು, ಔಷಧಿ ಕೊಟ್ಟರು. ಗೊರಕೆ ಇಲ್ಲ, ಆದರೆ ಅಪ್ಪ ಏಳುವಾಗ ಇವನೂ ಏಳುತ್ತಿದ್ದ. ಮಲಗುವ ಜಾಗ ಬದಲಿಸಿದ ಮೇಲೆ ಒಂದು ಗಂಟೆ ನಿದ್ದೆ ಜಾಸ್ತಿಯಾಯಿತು. ಬಿನೆ-ಕಾಮತ್ ಪರೀಕ್ಷೆಯಲ್ಲಿ ಬುದ್ಧಿಮಟ್ಟ ಸಾಮಾನ್ಯ. ನಿಮ್ಹಾನ್ಸ್‌ನ ಕಲಿಕಾ ಪರೀಕ್ಷೆಯಲ್ಲಿ ಕಲಿಕಾ ನ್ಯೂನತೆ ಕಾಣಲಿಲ್ಲ. ಇದನ್ನು ಬೇರೆಯಾಗಿ ಹೇಳಲು ಕಾರಣ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಕಲಿಕಾ ನ್ಯೂನತೆ ಇದೆ, ಎಡಿಎಚ್‌ಡಿ ಇಲ್ಲ. ಸರ್ಟಿಫಿಕೇಟ್ ಸಿಗುತ್ತದಾ ಅಂತ ಅಜ್ಜ ಕೇಳಿದ್ದರು.

ತೀರ್ಮಾನ ಮತ್ತು ಮುಂದೆ

ಮನೋವೈದ್ಯರೂ ನಾನೂ ಸೇರಿ ಎಲ್ಲವನ್ನೂ ನೋಡಿ ಎಡಿಎಚ್‌ಡಿ ಅಂತ ತೀರ್ಮಾನಿಸಿದೆವು. ಗಮನ ಮತ್ತು ಚಡಪಡಿಕೆ ಎರಡೂ ಇರುವ ರೂಪ. ನಡವಳಿಕೆಯ ಬೇರೆ ಕಾಯಿಲೆ ಇಲ್ಲ.

ಹೇಳುವ ದಿನ ಮನೆಯವರೆಲ್ಲ ಬಂದಿದ್ದರು. ಅಜ್ಜ ಮೊದಲ ಮಾತೇ ಮೊಬೈಲ್ ಬಗ್ಗೆ ತೆಗೆದರು. ‘ಅದ್ರ ಮುಂದೆ ಎರಡು ತಾಸು ಅಲುಗಾಡದಂಗೆ ಕೂರ್ತಾನೆ. ಗಮನ ಇಲ್ಲ ಅಂದ್ರೆ ಹೆಂಗೆ?’ ಇದು ಬಹಳ ನ್ಯಾಯವಾದ ಪ್ರಶ್ನೆ. ಗಮನವೇ ಇಲ್ಲ ಅನ್ನುವುದಲ್ಲ ಈ ತೊಂದರೆ. ಗಮನವನ್ನು ತನಗೆ ಬೇಕಾದಲ್ಲಿ ಇಟ್ಟು, ಬೇಡವಾದಾಗ ತೆಗೆಯುವ ಹಿಡಿತ ಕಡಿಮೆ. ಕ್ಷಣಕ್ಷಣಕ್ಕೂ ಏನಾದರೂ ಕೊಡುವ ಮೊಬೈಲ್ ಆ ಗಮನವನ್ನು ತಾನೇ ಹಿಡಿದಿಡುತ್ತದೆ. ಗಣಿತದ ಪುಸ್ತಕ ಹಾಗೆ ಹಿಡಿಯುವುದಿಲ್ಲ. ಆಮೇಲೆ ಅಜ್ಜನೇ ನಿಧಾನಕ್ಕೆ ಅಂದರು, ‘ಇವರಪ್ಪನೂ ಸಣ್ಣಾವಾಗ ಹಿಂಗೇ ಇದ್ದ.’ ಅಪ್ಪ ತಲೆ ತಗ್ಗಿಸಿದರು. ಅದರಲ್ಲಿ ತಗ್ಗಿಸುವಂಥದ್ದು ಏನೂ ಇಲ್ಲ ಅಂತ ಹೇಳಿದೆ. ಅವಳಿ ಮಕ್ಕಳ ಅಧ್ಯಯನಗಳಲ್ಲಿ ಎಡಿಎಚ್‌ಡಿಯ ಆನುವಂಶಿಕ ಪಾಲು ಸುಮಾರು 70ರಿಂದ 80 ಪರ್ಸೆಂಟ್. ಭಟ್ಟಿಯ ಬೆಂಕಿ, ಮರಳು, ಕೈತುಂಬ ಓಡಾಟದ ಕೆಲಸ ಅಪ್ಪನಿಗೆ ಒಗ್ಗಿದೆ. ಮೂರನೇ ತರಗತಿಯ ಬೆಂಚು ಅವರಿಗೂ ಒಗ್ಗಿರಲಿಲ್ಲ.

ಮಾತ್ರೆ ಬೇಡ ಅಂತ ಮನೆಯವರು ಮೊದಲು ಹೇಳಿದರು. ಎಂಟು ವಾರ ತರಬೇತಿ ಮತ್ತು ಶಾಲೆಯ ಬದಲಾವಣೆಯಿಂದ ಶುರು ಮಾಡಿದೆವು. ಒಂದು ಸಲಕ್ಕೆ ಒಂದೇ ಮಾತು ಹೇಳುವುದು. ಮಾಡಿದ ತಕ್ಷಣ ಶಭಾಷ್ ಅನ್ನುವುದು. ಶಾಲೆಯಲ್ಲಿ ಮುಂದಿನ ಬೆಂಚು, ಲೆಕ್ಕವನ್ನು ಎರಡೆರಡಾಗಿ ಕೊಡುವುದು. ಚೀಲದ ವಿಷಯಕ್ಕೆ ಅಮ್ಮನೇ ದಾರಿ ಹುಡುಕಿದರು. ‘ಚೀಲ ತುಂಬೋವರೆಗೂ ಹಿಡಿ’ ಅನ್ನುವುದನ್ನು ಬಿಟ್ಟು ‘ಹತ್ತು ಸೇರು ಎಣಿಸೋವರೆಗೆ ಹಿಡಿ, ಆಮೇಲೆ ಒಂದು ಸುತ್ತು ಓಡಿ ಬಾ’ ಅಂದರು. ಹುಡುಗ ಎಣಿಸುತ್ತಾ ಹಿಡಿದ. ನಾನು ಕಲಿಸಿದ್ದಕ್ಕಿಂತ ಇದು ಚೆನ್ನಾಗಿತ್ತು.

ಎಂಟು ವಾರದ ಮೇಲೆ ಗಮನದ ಲೆಕ್ಕ ಕನ್ನಡ ಟೀಚರ್ ಬಳಿ ಏಳರಿಂದ ಐದಕ್ಕೆ, ಅಮ್ಮನ ಬಳಿಯೂ ಏಳರಿಂದ ಐದಕ್ಕೆ ಇಳಿದಿತ್ತು. ಓದು ಮಾತ್ರ ಮೇಲೆ ಬರಲಿಲ್ಲ. ದೀಪಾವಳಿ ಕಳೆದ ಮೇಲೆ ಅಪ್ಪನೇ ಮಾತ್ರೆಯ ಬಗ್ಗೆ ಕೇಳಿದರು. ಮನೋವೈದ್ಯರು ಮೀಥೈಲ್‌ಫೆನಿಡೇಟ್ ಶುರು ಮಾಡಿದರು. ಬೆಳಿಗ್ಗೆ ಒಂದು, ಕಡಿಮೆ ಪ್ರಮಾಣದಲ್ಲಿ. ಇದು ಕಾನೂನಿನ ಹಿಡಿತದಲ್ಲಿರುವ ಔಷಧಿ. ಚೀಟಿ ಇಲ್ಲದೆ ಕೊಡುವುದಿಲ್ಲ, ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ.

ಡಿಸೆಂಬರ್‌ನಲ್ಲಿ ಮತ್ತೆ ಫಾರ್ಮ್‌ಗಳು ಬಂದವು, ಮತ್ತೆ ಹೊಂದಲಿಲ್ಲ. ಕನ್ನಡ ಟೀಚರ್ ಐದರಿಂದ ಎರಡಕ್ಕೆ ಇಳಿಸಿದ್ದರು. ಅಮ್ಮನದ್ದು ಐದು ಐದಾಗಿಯೇ ಇತ್ತು. ‘ಮಾತ್ರೆ ಕೆಲಸ ಮಾಡಿಲ್ರಿ, ನಿಲ್ಲಿಸೋಣ’ ಅಂದರು ಅಮ್ಮ. ಈ ಸಲ ಪದದ ತಪ್ಪಿರಲಿಲ್ಲ. ಗಡಿಯಾರದ ವಿಷಯ ಇತ್ತು. ಈ ಮಾತ್ರೆಯ ಕೆಲಸ ಸುಮಾರು ನಾಲ್ಕು ಗಂಟೆ. ಬೆಳಿಗ್ಗೆ ಎಂಟೂವರೆಗೆ ತಿಂದರೆ ಮಧ್ಯಾಹ್ನಕ್ಕೆ ಮುಗಿಯಿತು. ಕನ್ನಡದ ಪೀರಿಯಡ್ ಹತ್ತೂವರೆಗೆ. ಅಮ್ಮ ಮಗನನ್ನು ನೋಡುವುದು ಸಂಜೆ ನಾಲ್ಕೂವರೆ ಮೇಲೆ. ಇಬ್ಬರೂ ತಾವು ಕಂಡದ್ದನ್ನು ಸರಿಯಾಗಿಯೇ ಬರೆದಿದ್ದರು. ಹೀಗಾಗಿ ಈಗ ನನ್ನ ಫಾರ್ಮ್‌ಗಳಲ್ಲಿ ತುಂಬಿದವರ ಹೆಸರಿನ ಪಕ್ಕ, ಮಗುವನ್ನು ದಿನದ ಯಾವ ಹೊತ್ತಿನಲ್ಲಿ ನೋಡುತ್ತೀರಿ ಅಂತ ಒಂದು ಜಾಗ ಇದೆ.

ಕ್ಲಾಸ್ ಟೀಚರ್ ಫಾರ್ಮ್ ಕೂಡ ಡಿಸೆಂಬರ್‌ನಲ್ಲಿ ಬಂತು. ಗಮನ ನಾಲ್ಕು, ಚಡಪಡಿಕೆ ಮೂರು, ಎದುರು ಮಾತು-ಜಗಳ ಒಂದು. ಕದಿಯುತ್ತಾನೆ ಅನ್ನುವುದಕ್ಕೆ ಸೊನ್ನೆ. ಟಿಕ್‌ಗಳು ಹಾಳೆಯ ಆ ಕಡೆ ಈ ಕಡೆ ಹರಡಿದ್ದವು. ಒಂದು ಪ್ರಶ್ನೆಯಲ್ಲಿ ಎರಡಕ್ಕೆ ಹಾಕಿದ್ದನ್ನು ಹೊಡೆದು ಒಂದಕ್ಕೆ ಹಾಕಿದ್ದರು. ಆ ಹೊಡೆದ ಗುರುತನ್ನು ಕಂಡು ನನಗೆ ತುಂಬಾ ಸಂತೋಷವಾಯಿತು. ಅವರು ಕೂತು ಯೋಚಿಸಿದ್ದರು.

ಊಟ ಕಡಿಮೆಯಾಗಿದೆ. ಮಧ್ಯಾಹ್ನದ ಡಬ್ಬಿ ಅರ್ಧ ವಾಪಸ್ ಬರುತ್ತಿತ್ತು, ಆರು ವಾರದಲ್ಲಿ ತೂಕ ಆರುನೂರು ಗ್ರಾಂ ಇಳಿಯಿತು. ಈಗ ಮಾತ್ರೆಗೆ ಮೊದಲೇ ಹೊಟ್ಟೆ ತುಂಬ ತಿಂಡಿ, ಸಂಜೆ ಹಸಿವಾದಾಗ ಇನ್ನೊಂದು ಊಟ. ತೂಕ, ಎತ್ತರ, ಬಿಪಿಯನ್ನು ಮನೋವೈದ್ಯರು ಪ್ರತಿ ಭೇಟಿಯಲ್ಲೂ ಬರೆದಿಡುತ್ತಿದ್ದಾರೆ.

ಕನ್ನಡ ಫಾರ್ಮ್‌ನ ಕಾಲಂಗಳನ್ನು ಬದಲಿಸಿದ್ದೇನೆ. ಈಗ ಇರುವುದು: ಇಲ್ಲ, ವಾರಕ್ಕೆ ಒಂದೋ ಎರಡೋ ಸಲ, ಹೆಚ್ಚುಕಡಿಮೆ ದಿನಾ, ದಿನಕ್ಕೆ ಹಲವು ಸಲ. ಇದೂ ಪರೀಕ್ಷೆಗೆ ಒಳಪಟ್ಟದ್ದಲ್ಲ, ಮೂಲದ ಅಳತೆಯೂ ಹೀಗಿಲ್ಲ. ಹಾಗಾಗಿ ಇದರ ಅಂಕಿಯನ್ನು ನಾನು ಒಂದೇ ಸಾಕ್ಷಿಯಾಗಿ ಎಲ್ಲೂ ಬರೆಯುವುದಿಲ್ಲ, ಎದುರು ಕೂತು ಕೇಳಿದ ಉತ್ತರದ ಜೊತೆಗೇ ಬರೆಯುತ್ತೇನೆ. ಹಳೆಯ ಫಾರ್ಮ್‌ನಲ್ಲಿ ‘ಇಲ್ಲ’ ಅಂತ ತೀರ್ಮಾನವಾದ ಮಕ್ಕಳ ಫೈಲ್‌ಗಳನ್ನು ತೆಗೆದು ನೋಡುತ್ತಿದ್ದೇನೆ. ಒಂದೂ ಸೊನ್ನೆ ಇಲ್ಲದ ಹಾಳೆಗಳು ಈವರೆಗೆ ನಾಲ್ಕು ಸಿಕ್ಕಿವೆ. ಮೂರು ಮನೆಗಳಿಗೆ ಫೋನ್ ಮಾಡಿ ಕರೆದಿದ್ದೇನೆ. ನಾಲ್ಕನೆಯವರ ನಂಬರ್ ಬದಲಾಗಿದೆ, ಫೈಲಿನಲ್ಲಿದ್ದ ವಿಳಾಸಕ್ಕೆ ಕಾಗದ ಹಾಕಿದ್ದೇನೆ.

ಹುಡುಗ ಜೂನ್‌ನಲ್ಲಿ ನಾಲ್ಕನೇ ತರಗತಿಗೆ ಹೋಗುತ್ತಾನೆ. ಶಾಲೆ ಅದೇ, ಕ್ಲಾಸ್ ಟೀಚರ್ ಹೊಸಬರು. ಅವರಿಗೆ ಫಾರ್ಮ್ ಕೊಡುವುದು ಆಗಸ್ಟ್‌ನಲ್ಲಿ.